ಗಿಡದ ಹೆಸರು ಹೇಳಿದಿರಿ, ಎಣ್ಣೆಯ ಸಂಗತಿ ಹೇಳಲಿಲ್ಲ

ಸೌಂದರ್ಯವರ್ಧಕಗಳ ನಿಯಮ ರೂಪಿಸುವ ಅಧಿಕಾರಿಗಳಿಗೂ, ಆ ನಿಯಮದ ಅಂಚಿನಲ್ಲೇ ನಿಂತು ಲೇಬಲ್ ಬರೆಯುವ ತಯಾರಕರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನನ್ನ ಮೇಜಿನ ಮೇಲೆ ಎರಡು ಬಾಟಲಿಗಳಿವೆ. ಎರಡೂ ಮೈಗೆ ಹಚ್ಚುವ ಬಾದಾಮಿ ಎಣ್ಣೆ. ಒಂದು ಹೊಂಬಣ್ಣದ್ದು, ಮುಚ್ಚಳ ತೆಗೆದರೆ ಬಾದಾಮಿಯ ಘಮ ಬರುತ್ತದೆ. ಇನ್ನೊಂದು ಹೆಚ್ಚುಕಡಿಮೆ ನೀರಿನಷ್ಟೇ ತಿಳಿ, ಮೂಗಿಟ್ಟು ಎಳೆದರೂ ವಾಸನೆಯಿಲ್ಲ. ತಿರುಗಿಸಿ ಹಿಂಬದಿ ಓದಿದರೆ ಎರಡರಲ್ಲೂ ಅಕ್ಷರ ಬಿಡದೆ ಅದೇ ಸಾಲು: ಪ್ರುನಸ್ ಅಮಿಗ್ಡಾಲಸ್ ಡಲ್ಸಿಸ್ ಆಯಿಲ್. ಕಣ್ಣಿಗೆ, ಮೂಗಿಗೆ, ಚರ್ಮಕ್ಕೆ ಬೇರೆಯಾಗಿರುವ ಎರಡು ವಸ್ತುಗಳು ನಿಮ್ಮ ಕಾಗದದಲ್ಲಿ ಮಾತ್ರ ಒಂದೇ.

ನಾನು ಬಹಳ ವರ್ಷ ಎಣ್ಣೆ ಪರೀಕ್ಷೆ ಮಾಡಿ ಬದುಕಿದವನು. ಲೋಷನ್, ಸಾಬೂನು, ಕೇಶತೈಲ ಮಾಡುವ ಕಾರ್ಖಾನೆಗಳಿಗೆ ಹೋಗುವ ಎಣ್ಣೆಯ ಮಾದರಿಗಳು ನಮ್ಮ ಪ್ರಯೋಗಾಲಯಕ್ಕೆ ಬರುತ್ತಿದ್ದವು. ಪ್ರತಿ ಶೀಶೆಯ ಮೇಲೂ ಪೆನ್ಸಿಲಿನಲ್ಲಿ ಎರಡು ಸಾಲು ಬರೆಯುವುದು ನನ್ನ ಕೆಲಸದ ಮೊದಲ ಪಾಠವಾಗಿತ್ತು: ಯಾವ ಗಿಡ, ಗಿಡದ ಯಾವ ಭಾಗ, ಹೇಗೆ ತೆಗೆದದ್ದು, ಎಂದು ತೆಗೆದದ್ದು, ಕಮಟು ಎಷ್ಟು. ಈ ಐದರಲ್ಲಿ ಒಂದು ಬಿಟ್ಟರೂ ಹಿರಿಯರು ಶೀಶೆಯನ್ನು ವಾಪಸು ಕಳಿಸುತ್ತಿದ್ದರು. ಈಗ ಅಂಗಡಿಯಲ್ಲಿ ಮಾರುವ ಬಾಟಲಿ ಹಿಡಿದು ನೋಡುತ್ತೇನೆ. ಮೊದಲಿನ ಎರಡು ಇರುತ್ತವೆ, ಉಳಿದ ಮೂರು ಇರುವುದಿಲ್ಲ. ಆ ಮೂರಕ್ಕಾಗಿಯೇ ಈ ಪತ್ರ.

ಮೊದಲು ಇರುವುದಕ್ಕೆ ಮೆಚ್ಚುಗೆ ಹೇಳಿಬಿಡುತ್ತೇನೆ. ಸೌಂದರ್ಯವರ್ಧಕಗಳ ಪದಾರ್ಥಗಳನ್ನು ಎಲ್ಲೆಡೆ ಒಂದೇ ಹೆಸರಿನಲ್ಲಿ ಬರೆಯುವ ಐಎನ್‌ಸಿಐ ಎಂಬ ಅಂತರರಾಷ್ಟ್ರೀಯ ಪದ್ಧತಿ ಸಣ್ಣ ಸಾಧನೆಯಲ್ಲ. 1973ರಲ್ಲಿ ಅಮೆರಿಕದ ಉದ್ಯಮ ಸಂಘವೊಂದು ಹೊರತಂದ ನಿಘಂಟಿನಿಂದ ಬೆಳೆದ ಈ ಪದ್ಧತಿಯಿಂದಾಗಿ ಒಂದು ದೇಶದ ಚರ್ಮವೈದ್ಯರು ಇನ್ನೊಂದು ದೇಶದ ಕ್ರೀಮಿನ ಪಟ್ಟಿಯನ್ನು ಓದಬಲ್ಲರು. ಗಿಡಗಳಿಗೆ ಲ್ಯಾಟಿನ್ ಹೆಸರು ಇಟ್ಟದ್ದಕ್ಕೂ ಕಾರಣವಿದೆ. ಊರೂರಿಗೆ ಬದಲಾಗುವ ಹೆಸರುಗಳ ಗೊಂದಲ ಅದರಿಂದ ತಪ್ಪುತ್ತದೆ. ವೈದ್ಯರಿಗೂ ರಸಾಯನಶಾಸ್ತ್ರಜ್ಞರಿಗೂ ಅದು ವರವೇ. ಬಾಟಲಿಯನ್ನು ದುಡ್ಡು ಕೊಟ್ಟು ಕೊಳ್ಳುವವರು ಮಾತ್ರ ಇಬ್ಬರೂ ಅಲ್ಲ.

ಒಬ್ಬ ತಾಯಿಯ ಮಾತು ಹೇಳುತ್ತೇನೆ. ನನಗೆ ಹತ್ತಿರದ ಬಂಧು. ಅವಳ ಮಗುವಿಗೆ ಕಡಲೆಕಾಯಿ ಆಗದು. ಬಾಯಿಗೆ ಹೋದರೆ ತುಟಿ ಊದಿಕೊಳ್ಳುತ್ತದೆ, ಮೈಮೇಲೆ ಗಂದೆ ಏಳುತ್ತವೆ. ತಿನ್ನುವ ಪೊಟ್ಟಣ ಕೊಳ್ಳುವಾಗ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುತ್ತಾಳೆ. ಅಲ್ಲಿ ಕೆಲಸ ಸುಲಭ, ಏಕೆಂದರೆ ಹಲವು ದೇಶಗಳ ಆಹಾರ ಕಾನೂನು ಕಡಲೆಕಾಯಿಯನ್ನು ಕಡಲೆಕಾಯಿ ಎಂದೇ ಬರೆಯಿಸುತ್ತದೆ. ಯುರೋಪಿನಲ್ಲಂತೂ ಅಲರ್ಜಿ ತರುವ 14 ಪದಾರ್ಥಗಳನ್ನು ಪಟ್ಟಿಯಲ್ಲಿ ಎದ್ದು ಕಾಣುವಂತೆ ಅಚ್ಚು ಮಾಡಬೇಕು. ಅದೇ ತಾಯಿ ಮಗುವಿನ ಒಡೆದ ಕೆನ್ನೆಗೆ ಹಚ್ಚಲು ಕ್ರೀಮ್ ಕೊಂಡಾಗ ಅವಳ ಕಣ್ಣಿಗೆ ಬಿದ್ದದ್ದು ‘ಅರಾಕಿಸ್ ಹೈಪೋಜಿಯಾ ಆಯಿಲ್’. ಯಾವುದೋ ಹೂವಿನ ಹೆಸರಿರಬೇಕು ಅಂದುಕೊಂಡಳಂತೆ. ಅದು ಕಡಲೆಕಾಯಿ. ಎರಡು ದಿನ ಹಚ್ಚಿದ ಮೇಲೆ ಅನುಮಾನ ಬಂದು ತಯಾರಕರಿಗೆ ಫೋನ್ ಮಾಡಿ ಇದರಲ್ಲಿ ಕಾಯಿ ಬೀಜಗಳ ಎಣ್ಣೆ ಇದೆಯೇ ಎಂದು ಕೇಳಿದಳು. ಸಿಕ್ಕ ಉತ್ತರ: “ನಮ್ಮ ಉತ್ಪನ್ನ ಸಂಪೂರ್ಣ ನೈಸರ್ಗಿಕ, ಮೇಡಂ.” ಪ್ರಶ್ನೆಗೂ ಉತ್ತರಕ್ಕೂ ಸಂಬಂಧವೇ ಇಲ್ಲ. ಕಡಲೆಕಾಯಿಯಷ್ಟು ನೈಸರ್ಗಿಕ ಇನ್ನೇನಿದೆ?

ಗೋಡಂಬಿ ನಿಮ್ಮ ಪಟ್ಟಿಯಲ್ಲಿ ಅನಕಾರ್ಡಿಯಂ ಆಕ್ಸಿಡೆಂಟಾಲೆ. ಅಕ್ರೋಟು ಜಗ್ಲನ್ಸ್ ರೆಜಿಯಾ. ಹೇಝಲ್‌ನಟ್ ಕೊರಿಲಸ್ ಅವೆಲ್ಲಾನಾ. ಸಸ್ಯಶಾಸ್ತ್ರ ಓದದ ತಾಯಿ ಇದನ್ನೆಲ್ಲ ಬಾಯಿಪಾಠ ಮಾಡಬೇಕೆಂದು ನೀವು ಬಯಸುತ್ತೀರೆಂದು ನಾನು ನಂಬಲಾರೆ. ಆದರೆ ನಿಮ್ಮ ನಿಯಮ ಅದನ್ನೇ ಬಯಸುತ್ತಿದೆ.

ಹಚ್ಚುವುದಕ್ಕೂ ತಿನ್ನುವುದಕ್ಕೂ ವ್ಯತ್ಯಾಸವಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಆ ವ್ಯತ್ಯಾಸ ನಾವು ಎಣಿಸಿದ ದಿಕ್ಕಿನಲ್ಲೇ ಇದೆ ಎನ್ನುವಂತಿಲ್ಲ. 2003ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಬಂತು. ಹುಟ್ಟಿನಿಂದ ಅನುಸರಿಸಿಕೊಂಡು ಬಂದ ಸುಮಾರು 14,000 ಮಕ್ಕಳ ಗುಂಪಿನಲ್ಲಿ, ಕಡಲೆಕಾಯಿ ಅಲರ್ಜಿ ಕಂಡ ಮಕ್ಕಳ ಬಾಲ್ಯದಲ್ಲಿ ಕಡಲೆಕಾಯಿ ಎಣ್ಣೆ ಇರುವ ಕ್ರೀಮುಗಳನ್ನು ಉರಿಯೂತದ ಚರ್ಮಕ್ಕೆ ಹಚ್ಚಿದ್ದು ಹೆಚ್ಚಾಗಿ ಕಂಡುಬಂತು. ಇದೊಂದು ನಂಟು ಮಾತ್ರ, ಕಾರಣದ ಸಾಬೀತಲ್ಲ. ಆದರೂ ಅಲ್ಲಿಂದ ಮುಂದೆ ವೈದ್ಯರ ಯೋಚನೆಯ ದಾರಿಯೇ ಬದಲಾಯಿತು. ಹೊಟ್ಟೆಯ ಮೂಲಕ ಮೊದಲ ಪರಿಚಯವಾದ ಪ್ರೋಟೀನನ್ನು ದೇಹ ಸಹಿಸಲು ಕಲಿಯಬಹುದು, ಬಿರುಕು ಬಿಟ್ಟ ಚರ್ಮದ ಮೂಲಕ ನುಗ್ಗಿದ ಪ್ರೋಟೀನನ್ನು ಶತ್ರುವೆಂದು ಗುರುತಿಸಿಡಬಹುದು ಎಂಬ ವಾದಕ್ಕೆ ಬಲ ಬಂತು. ಅಂದರೆ ಒಡೆದ ಚರ್ಮಕ್ಕೆಂದೇ ಮಾರುವ ಕ್ರೀಮಿನಲ್ಲಿ ಏನಿದೆ ಎಂದು ತಿಳಿಯುವುದು ಬಿಸ್ಕತ್ತಿನ ಪೊಟ್ಟಣದಷ್ಟೇ ಮುಖ್ಯ.

ಇದೇ ಮಾತಿಗೆ ಗೋಧಿಯದೊಂದು ಕಥೆಯಿದೆ. ಎಣ್ಣೆಯ ವಿಷಯವಲ್ಲದಿದ್ದರೂ ಬಿಟ್ಟುಹೋಗಲು ಮನಸ್ಸಿಲ್ಲ. ಜಪಾನಿನಲ್ಲಿ ಮುಖ ತೊಳೆಯುವ ಒಂದು ಸಾಬೂನಿನಲ್ಲಿ ಸಣ್ಣ ತುಣುಕುಗಳಾಗಿ ಒಡೆದ ಗೋಧಿ ಪ್ರೋಟೀನ್ ಸೇರಿಸಿದ್ದರು. ಅದನ್ನು ಬಳಸಿದ 2000ಕ್ಕೂ ಹೆಚ್ಚು ಜನರಿಗೆ ಗೋಧಿಯ ಅಲರ್ಜಿ ಅಂಟಿಕೊಂಡಿತು. ಅವರಲ್ಲಿ ಅನೇಕರು ಅಲ್ಲಿಯವರೆಗೆ ಗೋಧಿಯನ್ನು ನಿಶ್ಚಿಂತೆಯಿಂದ ತಿನ್ನುತ್ತಿದ್ದವರು. ಮುಖಕ್ಕೆ ಹಚ್ಚಿದ್ದು ತಟ್ಟೆಯೊಳಗಿನದನ್ನು ವಿಷ ಮಾಡಿತು.

ಈಗ ಆ ಎರಡು ಬಾಟಲಿಗೆ ಮರಳುತ್ತೇನೆ. ಬೀಜವನ್ನು ಒತ್ತಿ ಹಿಂಡಿದಾಗ ಬರುವ ಎಣ್ಣೆಯಲ್ಲಿ ಅಲ್ಪಸ್ವಲ್ಪ ಪ್ರೋಟೀನು, ಅಂಟು, ಬಣ್ಣ, ಘಮ ಎಲ್ಲ ಇರುತ್ತವೆ. ರಿಫೈನ್ ಮಾಡುವಾಗ ಅಂಟು ತೆಗೆಯುತ್ತಾರೆ, ಕ್ಷಾರ ಹಾಕಿ ಹುಳಿ ಕಳೆಯುತ್ತಾರೆ, ವಿಶೇಷ ಮಣ್ಣಿನಲ್ಲಿ ಸೋಸಿ ಬಣ್ಣ ಇಳಿಸುತ್ತಾರೆ, ಕೊನೆಗೆ ನಿರ್ವಾತದಲ್ಲಿ 200 ಡಿಗ್ರಿಯ ಆಚೀಚೆ ಕಾಯಿಸಿ, ಹಬೆ ಹಾಯಿಸಿ ವಾಸನೆ ಓಡಿಸುತ್ತಾರೆ. ಈ ದಾರಿಯಲ್ಲಿ ಪ್ರೋಟೀನು ಬಹುಪಾಲು ಹೋಗಿಬಿಡುತ್ತದೆ. 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಚೊಕ್ಕವಾಗಿ ತೋರಿಸಿತು. ಕಡಲೆಕಾಯಿ ಅಲರ್ಜಿಯ 60 ಮಂದಿಗೆ ಎರಡೂ ಬಗೆಯ ಕಡಲೆಕಾಯಿ ಎಣ್ಣೆಯನ್ನು ಕುಡಿಸಿದರು. ರಿಫೈನ್ ಮಾಡಿದ್ದಕ್ಕೆ ಒಬ್ಬರಿಗೂ ಏನೂ ಆಗಲಿಲ್ಲ. ಕಚ್ಚಾ ಎಣ್ಣೆಗೆ ಆರು ಮಂದಿಯಲ್ಲಿ ಅಲರ್ಜಿ ಕೆರಳಿತು. ಎರಡೂ ಎಣ್ಣೆಗೆ ನಿಮ್ಮ ಪಟ್ಟಿಯಲ್ಲಿ ಒಂದೇ ಹೆಸರು.

ಇನ್ನೂ ಸೋಜಿಗದ ಸಂಗತಿ, ಈ ಭೇದ ಕಾನೂನಿಗೆ ಗೊತ್ತಿಲ್ಲದ್ದೇನಲ್ಲ. ಪೂರ್ತಿ ರಿಫೈನ್ ಮಾಡಿದ ಸೋಯಾ ಎಣ್ಣೆಗೆ ಯುರೋಪಿನ ಆಹಾರ ನಿಯಮ ಅಲರ್ಜಿ ಸೂಚನೆಯಿಂದ ವಿನಾಯಿತಿ ಕೊಟ್ಟಿದೆ. ಅಮೆರಿಕದ 2004ರ ಆಹಾರ ಅಲರ್ಜಿ ಕಾಯ್ದೆಯೂ ಹೆಚ್ಚು ಶುದ್ಧೀಕರಿಸಿದ ಎಣ್ಣೆಗಳನ್ನು ಬೇರೆಯಾಗಿ ನೋಡುತ್ತದೆ. ಅಡುಗೆಮನೆಯ ಬಾಗಿಲಲ್ಲಿ ಗೊತ್ತಿರುವ ಸತ್ಯ ಬಚ್ಚಲುಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆಯೇ? ನ್ಯಾಯವಾಗಿ ಹೇಳಬೇಕೆಂದರೆ ಒಂದು ಕಡೆ ಮರೆತಿಲ್ಲ. ಯುರೋಪ್ ಒಕ್ಕೂಟ 2017ರ ನಿಯಮದಲ್ಲಿ ಸೌಂದರ್ಯವರ್ಧಕಕ್ಕೆ ಬಳಸುವ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನು ಹತ್ತು ಲಕ್ಷ ಭಾಗಕ್ಕೆ ಅರ್ಧ ಭಾಗವನ್ನು ಮೀರಬಾರದೆಂದು ಗೆರೆ ಎಳೆಯಿತು. ಒಳ್ಳೆಯ ಗೆರೆ. ಅದೇ ಬಗೆಯ ಗೆರೆಯನ್ನು ಎಳ್ಳು, ಗೋಡಂಬಿ, ಅಕ್ರೋಟುಗಳಿಗೂ ಎಳೆಯಿರಿ ಎಂಬುದು ನನ್ನ ಬೇಡಿಕೆ. ಅಲರ್ಜಿ ಕಡಲೆಕಾಯಿ ಒಂದಕ್ಕೇ ಗುತ್ತಿಗೆ ಕೊಟ್ಟದ್ದಲ್ಲ.

ಅಲರ್ಜಿ ಇಲ್ಲದವರಿಗೂ ಈ ಒಂದೇ ಹೆಸರಿನ ಆಟದಲ್ಲಿ ನಷ್ಟವಿದೆ. ಸೂರ್ಯಕಾಂತಿಯನ್ನೇ ತೆಗೆದುಕೊಳ್ಳಿ. ಹಳೆಯ ಬಗೆಯ ಸೂರ್ಯಕಾಂತಿ ಬೀಜದ ಎಣ್ಣೆಯಲ್ಲಿ ಲಿನೋಲೀಕ್ ಎಂಬ ಕೊಬ್ಬಿನಾಮ್ಲ ಅರ್ಧಕ್ಕಿಂತ ಹೆಚ್ಚು. ಬೇಗ ಕೆಡಬಾರದೆಂದು ತಳಿ ಬೆಳೆಸಿ ತಂದ ಹೊಸ ಬಗೆಯಲ್ಲಿ ಒಲೀಕ್ ಎಂಬ ಇನ್ನೊಂದು ಕೊಬ್ಬಿನಾಮ್ಲ ಮುಕ್ಕಾಲು ಪಾಲು ಮೀರುತ್ತದೆ. ಅದು ಆಮ್ಲಗಳ ಲೆಕ್ಕದಲ್ಲಿ ಆಲಿವ್ ಎಣ್ಣೆಗೆ ಹತ್ತಿರದ ನೆಂಟ. ಚರ್ಮಕ್ಕೆ ಈ ಎರಡು ಆಮ್ಲ ಒಂದೇ ಅಲ್ಲ. 2013ರಲ್ಲಿ ಬ್ರಿಟನ್ನಿನಲ್ಲಿ 19 ಮಂದಿ ವಯಸ್ಕರ ಮುಂಗೈಗೆ ಕೆಲವು ವಾರ ಎಣ್ಣೆ ಹಚ್ಚಿ ನೋಡಿದಾಗ, ಆಲಿವ್ ಎಣ್ಣೆ ಚರ್ಮದ ಹೊರಪದರದ ಕಟ್ಟನ್ನು ಸಡಿಲಿಸಿದ್ದು ಕಂಡಿತು. ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಿಲ್ಲ. ಪ್ರಯೋಗ ಸಣ್ಣದು, ಒಪ್ಪುತ್ತೇನೆ. ಆದರೆ ಅದನ್ನು ಓದಿದ ವೈದ್ಯರೊಬ್ಬರು ‘ಸೂರ್ಯಕಾಂತಿ ಎಣ್ಣೆ ಇರುವುದನ್ನು ಹಚ್ಚಿ’ ಎಂದು ಬರೆದುಕೊಟ್ಟರೆ, ರೋಗಿ ತರುವುದು ಯಾವ ಸೂರ್ಯಕಾಂತಿ? ಹೀಲಿಯಾಂಥಸ್ ಆನ್ಯುಅಸ್ ಸೀಡ್ ಆಯಿಲ್ ಎಂಬ ಸಾಲಿನ ಹಿಂದೆ ಎರಡರಲ್ಲಿ ಯಾವುದೂ ಇರಬಹುದು. ಗಿಡದ ಹೆಸರು ತಿಳಿದು ಅವರಿಗೇನು ಬಂತು?

ಇನ್ನು ನನ್ನ ಕಸುಬಿನ ಮಾತು, ಕಮಟು. ಸ್ವಲ್ಪ ಉದ್ದ ಹೇಳುತ್ತೇನೆ, ತಾಳ್ಮೆಯಿರಲಿ.

ಎಣ್ಣೆ ಸಾಯುವುದು ಗಾಳಿಯಿಂದ. ಕೊಬ್ಬಿನಾಮ್ಲದ ಸರಪಳಿಯಲ್ಲಿ ಜೋಡಿಬಂಧ ಇರುವ ಜಾಗಗಳಲ್ಲಿ ಆಮ್ಲಜನಕ ಬಂದು ಕೂರುತ್ತದೆ, ಪರಾಕ್ಸೈಡ್ ಆಗುತ್ತದೆ. ಜೋಡಿಬಂಧ ಹೆಚ್ಚಿದಷ್ಟೂ ಕೆಡುವ ವೇಗ ಹೆಚ್ಚು. ಒಂದು ಬಂಧದ ಒಲೀಕ್‌ಗಿಂತ ಎರಡು ಬಂಧದ ಲಿನೋಲೀಕ್ ಸುಮಾರು ಹತ್ತು ಪಟ್ಟು ವೇಗವಾಗಿ ಕೆಡುತ್ತದೆ, ಮೂರು ಬಂಧದ ಲಿನೋಲೆನಿಕ್ ಅದಕ್ಕೂ ಬೇಗ. ಬೆಳಕು, ಬಿಸಿ, ಚೂರುಪಾರು ಕಬ್ಬಿಣ ತಾಮ್ರದ ಅಂಶ, ಇವೆಲ್ಲ ಆ ಸಾವಿಗೆ ದಾರಿ ತೋರುವ ಪಂಜುಗಳು. ಮುಖದ ಕಲೆಗೆಂದು ಹೆಚ್ಚು ಬೆಲೆಗೆ ಮಾರುವ ರೋಸ್‌ಹಿಪ್ ಎಣ್ಣೆಯಲ್ಲಿ ಲಿನೋಲೀಕ್ ಮತ್ತು ಲಿನೋಲೆನಿಕ್ ಎರಡೂ ಧಾರಾಳ. ಅದನ್ನು ಪಾರದರ್ಶಕ ಗಾಜಿನ ಬಾಟಲಿಯಲ್ಲಿ ತುಂಬಿ, ಅಂಗಡಿಯ ದೀಪದ ಕೆಳಗೆ ಸಾಲಾಗಿ ನಿಲ್ಲಿಸಿದ್ದನ್ನು ಕಂಡಾಗ ನನಗೆ ಹೊಟ್ಟೆ ಚುರುಕ್ ಎನ್ನುತ್ತದೆ. ಬಣ್ಣ ಚೆಂದ ಕಾಣಲೆಂದು ಎಣ್ಣೆಯನ್ನೇ ಬಲಿ ಕೊಟ್ಟಿದ್ದಾರೆ.

ತಿನ್ನುವ ಎಣ್ಣೆಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡವಿದೆ. ಅದರ ಪ್ರಕಾರ ರಿಫೈನ್ ಎಣ್ಣೆಯ ಪರಾಕ್ಸೈಡ್ ಮೌಲ್ಯ, ಅಂದರೆ ಅದರಲ್ಲಿ ಪರಾಕ್ಸೈಡ್ ಎಷ್ಟಿದೆ ಎಂಬ ಅಳತೆ, 10, ಒತ್ತಿ ತೆಗೆದದ್ದಕ್ಕೆ 15, ಅದಕ್ಕಿಂತ ಮೇಲೆ ಹೋಗಬಾರದು. ಚರ್ಮಕ್ಕೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಎಷ್ಟು ತಿರುಗಿಸಿ ನೋಡಿದರೂ ಇಂಥ ಸಂಖ್ಯೆ ಸಿಗುವುದಿಲ್ಲ. ಒಳ್ಳೆಯ ಕಾರ್ಖಾನೆಗಳು ತಮ್ಮಷ್ಟಕ್ಕೆ ತಾವೇ ಅಳೆಯುತ್ತವೆ, ನಾನೇ ಅಳೆದುಕೊಟ್ಟಿದ್ದೇನೆ. ಕೆಟ್ಟವು ಅಳೆಯುವುದಿಲ್ಲ. ಲೇಬಲ್ ಓದುವವರಿಗೆ ಈ ಎರಡರ ಭೇದ ತಿಳಿಯುವ ದಾರಿಯಿಲ್ಲ.

ಒಂದು ಒಳಗುಟ್ಟನ್ನೂ ಹೇಳಿಬಿಡುತ್ತೇನೆ. ಪರಾಕ್ಸೈಡ್ ಮೌಲ್ಯ ಏರುತ್ತಾ ಹೋಗಿ ಒಂದು ಹಂತದಲ್ಲಿ ಇಳಿಯತೊಡಗುತ್ತದೆ. ಎಣ್ಣೆ ಸುಧಾರಿಸಿತೆಂದಲ್ಲ. ಪರಾಕ್ಸೈಡ್‌ಗಳು ಒಡೆದು ಆಲ್ಡಿಹೈಡ್‌ಗಳಾಗಿ ಬದಲಾದವು ಅಷ್ಟೇ. ಹಳೆಯ ಬಣ್ಣದ ಡಬ್ಬಿಯಂಥ ಆ ಕಮಟು ವಾಸನೆ ಅವುಗಳದ್ದೇ. ಹಾಗಾಗಿ ಪೂರ್ತಿ ಕೆಟ್ಟ ಎಣ್ಣೆಯೂ ಕಡಿಮೆ ಸಂಖ್ಯೆ ತೋರಿಸಿ ಪಾಸಾಗಬಹುದು. ಅದಕ್ಕೇ ನಾವು ಆ ಆಲ್ಡಿಹೈಡ್‌ಗಳನ್ನು ಅಳೆಯುವ ಅನಿಸಿಡಿನ್ ಮೌಲ್ಯ ಎಂಬ ಎರಡನೆಯ ಪರೀಕ್ಷೆಯನ್ನೂ ಮಾಡಿ, ಪರಾಕ್ಸೈಡಿನ ಎರಡರಷ್ಟಕ್ಕೆ ಅದನ್ನು ಕೂಡಿಸಿ ನೋಡುತ್ತಿದ್ದೆವು. ಇನ್ನೊಂದು ಉಪಾಯ ಮಾರಾಟಗಾರರಿಗೆ ಗೊತ್ತು: ಕಮಟು ಹಿಡಿದ ಎಣ್ಣೆಯನ್ನು ಮತ್ತೆ ಹಬೆಗೆ ಒಡ್ಡಿದರೆ ವಾಸನೆ ಹಾರಿಹೋಗುತ್ತದೆ. ಇಲ್ಲವೇ ನಾಲ್ಕು ಹನಿ ಸುಗಂಧ ಬೆರೆಸಿದರಾಯಿತು. ಕೊಳ್ಳುವವರಿಗೆ ಇದ್ದ ಒಂದೇ ಉಪಕರಣ ಮೂಗು, ಅದನ್ನೂ ಕಟ್ಟಿದಂತಾಯಿತು.

ತಾರೀಖಿನ ವಿಷಯಕ್ಕೆ ಬನ್ನಿ. ಯುರೋಪಿನ ನಿಯಮದಲ್ಲಿ 30 ತಿಂಗಳಿಗಿಂತ ಹೆಚ್ಚು ಬಾಳುವ ಉತ್ಪನ್ನಕ್ಕೆ ಕೊನೆಯ ತಾರೀಖು ಹಾಕಲೇಬೇಕೆಂದಿಲ್ಲ. ತೆರೆದ ಡಬ್ಬಿಯ ಪುಟ್ಟ ಚಿತ್ರದೊಳಗೆ ‘12ಎಂ’ ಎಂದು ಬರೆದರೆ ಸಾಕು, ಅಂದರೆ ತೆರೆದ ಮೇಲೆ 12 ತಿಂಗಳು. ತೆರೆಯುವುದಕ್ಕೆ ಮುಂಚೆ ಎಷ್ಟು ದಿನ ಉಗ್ರಾಣದಲ್ಲಿತ್ತು? ಬಾಟಲಿಗೆ ತುಂಬುವುದಕ್ಕೂ ಮೊದಲು ಎಣ್ಣೆ ಪೀಪಾಯಿಯಲ್ಲಿ ಎಷ್ಟು ತಿಂಗಳು ಕಳೆದಿತ್ತು? ಎಣ್ಣೆಯ ವಯಸ್ಸು ಶುರುವಾಗುವುದು ಬೀಜ ಹಿಂಡಿದ ದಿನ. ಬಾಟಲಿ ತುಂಬಿದ ದಿನ ಅದರ ಹುಟ್ಟುಹಬ್ಬವೂ ಅಲ್ಲ, ನಾಮಕರಣವೂ ಅಲ್ಲ, ಬರೀ ಬಟ್ಟೆ ಬದಲಿಸಿದ ದಿನ.

ಸುಗಂಧ ತೈಲಗಳಲ್ಲಿ ಈ ಗಾಳಿಯ ಕಾಟ ಇನ್ನೂ ಚುರುಕು. ಕಿತ್ತಳೆ ಸಿಪ್ಪೆಯ ಲಿಮೊನೀನ್, ಲ್ಯಾವೆಂಡರ್‌ನ ಲಿನಲೂಲ್ ತಾಜಾ ಇದ್ದಾಗ ಅಷ್ಟೇನೂ ಕಾಡುವುದಿಲ್ಲ. ಗಾಳಿ ಕುಡಿದು ಹೈಡ್ರೋಪರಾಕ್ಸೈಡ್ ಆದಾಗ ಅವು ಚರ್ಮದ ಅಲರ್ಜಿಗೆ ಪ್ರಬಲ ಕಾರಣವಾಗುತ್ತವೆ. ಟೀ ಟ್ರೀ ಎಣ್ಣೆಯೂ ಹಳತಾದಷ್ಟೂ ಹೀಗೇ ತಿರುಗುತ್ತದೆ. ಒಂದೇ ಬಾಟಲಿ ಜನವರಿಯಲ್ಲಿ ಸಾಧು, ಡಿಸೆಂಬರಿನಲ್ಲಿ ತುರಿಕೆ. ಆದರೂ ಇಂಥವನ್ನು ‘ಸೂಕ್ಷ್ಮ ಚರ್ಮಕ್ಕೆ’ ಎಂದು ಬರೆದು ಮಾರುತ್ತಾರೆ. ಹೆಚ್ಚಿನ ಕಡೆ ಅವು ಪಟ್ಟಿಯಲ್ಲಿ ‘ಪರ್ಫ್ಯೂಮ್’ ಎಂಬ ಒಂದೇ ಪದದ ಕಂಬಳಿಯೊಳಗೆ ಅಡಗಿ ಮಲಗಿರುತ್ತವೆ.

ಈ ಕಂಬಳಿಯನ್ನು ಸ್ವಲ್ಪ ಸರಿಸಿದ ಕೀರ್ತಿಯೂ ಯುರೋಪಿನದೇ. ಮೊದಲು 26 ಸುಗಂಧ ಪದಾರ್ಥಗಳನ್ನು ಹೆಸರಿಸಿ ಬರೆಯಲು ಹೇಳಿತು. ಹಚ್ಚಿ ಬಿಡುವ ಉತ್ಪನ್ನದಲ್ಲಿ ಶೇ. 0.001, ತೊಳೆದು ಹೋಗುವುದರಲ್ಲಿ ಶೇ. 0.01 ದಾಟಿದರೆ ಹೆಸರು ಬರಲೇಬೇಕು. 2023ರ ತಿದ್ದುಪಡಿ ಆ ಪಟ್ಟಿಯನ್ನು 80 ದಾಟಿಸಿತು. ಮಾರುಕಟ್ಟೆಗೆ ಹೊಸದಾಗಿ ಬರುವವಕ್ಕೆ 2026ರ ಜುಲೈ 31ರ ಗಡುವು, ಅಂಗಡಿಯಲ್ಲಿ ಆಗಲೇ ಇರುವವಕ್ಕೆ 2028ರ ಜುಲೈ 31. ಉಳಿದ ಆಡಳಿತಗಳು ಇದನ್ನು ನೋಡಿ ನಕಲು ಮಾಡಿದರೆ ನಾನೇನೂ ತಪ್ಪು ತಿಳಿಯುವುದಿಲ್ಲ. ಪರೀಕ್ಷೆಯಲ್ಲಿ ನಕಲು ತಪ್ಪು, ಜನರ ಸುರಕ್ಷತೆಯಲ್ಲಿ ಅಲ್ಲ.

ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯಿಂದ ತೆಗೆಯುವ ಬರ್ಗಮಾಟ್ ಎಣ್ಣೆ ಇದಕ್ಕೂ ಹಳೆಯ ಪಾಠ. ಸುಗಂಧ ಹಚ್ಚಿ ಬಿಸಿಲಿಗೆ ಹೋದವರ ಕತ್ತಿನಲ್ಲಿ, ಹನಿ ಇಳಿದ ದಾರಿಯಗುಂಟ ಸರದ ಪದಕದಂತೆ ಕಂದು ಕಲೆ ಮೂಡುವುದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ವೈದ್ಯರು ಗುರುತಿಸಿದರು. 1916ರಲ್ಲೇ ಅದಕ್ಕೂ ಬರ್ಗಮಾಟ್ ಎಣ್ಣೆಗೂ ಗಂಟು ಹಾಕಲಾಗಿತ್ತು. ಅದರೊಳಗಿನ ಬರ್ಗಾಪ್ಟೆನ್ ಎಂಬ ಪದಾರ್ಥ ನೇರಳಾತೀತ ಕಿರಣ ತಾಗಿದರೆ ಚರ್ಮವನ್ನು ಸುಡುತ್ತದೆ. ಸುಗಂಧ ಉದ್ಯಮದ ಸಂಸ್ಥೆ ಇಫ್ರಾ, ಬಿಸಿಲಿಗೆ ಒಡ್ಡುವ ಚರ್ಮದ ಮೇಲೆ ಉಳಿಯುವ ಉತ್ಪನ್ನದಲ್ಲಿ ಬರ್ಗಮಾಟ್ ಎಣ್ಣೆಯನ್ನು ಶೇ. 0.4ಕ್ಕೆ ಮಿತಿಗೊಳಿಸಿದೆ. ಬರ್ಗಾಪ್ಟೆನ್ ತೆಗೆದ ಬರ್ಗಮಾಟ್ ಎಣ್ಣೆಯೂ ಸಿಗುತ್ತದೆ. ಮನೆಯಲ್ಲೇ ಹನಿ ಲೆಕ್ಕದಲ್ಲಿ ಬೆರೆಸಿಕೊಳ್ಳಲು ಬಿಡಿಯಾಗಿ ಮಾರುವ ಪುಟ್ಟ ಶೀಶೆಯ ಮೇಲೆ ಇದು ಯಾವುದು ಎಂದು ಬರೆದಿರಬೇಕಲ್ಲವೇ? ಅಲ್ಲಿ ಬರೆದಿರುವುದು ‘ಮನಸ್ಸಿಗೆ ಉಲ್ಲಾಸ’.

ಮುಂಬದಿಯ ಮಾತುಗಳ ಬಗ್ಗೆ ಹೆಚ್ಚು ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ‘ನೈಸರ್ಗಿಕ’ ಎಂಬ ಪದಕ್ಕೆ ಅಮೆರಿಕದ ಆಹಾರ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೌಂದರ್ಯವರ್ಧಕಗಳಲ್ಲಿ ವ್ಯಾಖ್ಯೆಯನ್ನೇ ಕೊಟ್ಟಿಲ್ಲ. ‘ಹೈಪೋಅಲರ್ಜೆನಿಕ್’, ಅಂದರೆ ಅಲರ್ಜಿ ತರುವುದು ಕಡಿಮೆ, ಎಂದು ಬರೆಯುವವರು ಮೊದಲು ಪರೀಕ್ಷೆ ಮಾಡಿ ತೋರಿಸಲಿ ಎಂದು ಅದೇ ಸಂಸ್ಥೆ 1975ರಲ್ಲಿ ನಿಯಮ ತಂದಿತ್ತು. ಉದ್ಯಮದವರು ನ್ಯಾಯಾಲಯಕ್ಕೆ ಹೋದರು, 1977ರಲ್ಲಿ ಆ ನಿಯಮ ಬಿದ್ದುಹೋಯಿತು. ಅಂದಿನಿಂದ ಆ ಪದದ ಅರ್ಥ ಬರೆದವರ ಇಷ್ಟ. ‘ಸಂರಕ್ಷಕ ರಹಿತ’ ಎಂದು ಶುದ್ಧ ಎಣ್ಣೆಯ ಮೇಲೆ ಬರೆಯುವುದು ನನಗೆ ನಗು ತರಿಸುತ್ತದೆ. ನೀರೇ ಇಲ್ಲದ ಎಣ್ಣೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಸಂರಕ್ಷಕ ಯಾರಿಗೆ ಬೇಕಿತ್ತು?

ಆದರೆ ಒಂದು ಕೈಚಳಕವನ್ನು ಓದುಗರಿಗಾಗಿ ಬಿಡಿಸಿಡಲೇಬೇಕು. ಮುಂಬದಿಯಲ್ಲಿ ದೊಡ್ಡಕ್ಷರದಲ್ಲಿ ‘ಅರ್ಗಾನ್ ಎಣ್ಣೆಯ ಶಾಂಪೂ’ ಎಂದಿರುತ್ತದೆ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಶೇ. 1ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಹೇಗೆ ಬೇಕಾದರೂ ಜೋಡಿಸಬಹುದು. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕ ಯುರೋಪಿನ ನಿಯಮದ ಪ್ರಕಾರ ಶೇ. 1 ದಾಟುವಂತಿಲ್ಲ. ಹಾಗಾಗಿ ಪಟ್ಟಿಯಲ್ಲಿ ಅದು ಕಂಡ ಮೇಲೆ ಬರುವುದೆಲ್ಲ ಶೇ. 1 ಅಥವಾ ಅದಕ್ಕೂ ಕಡಿಮೆ ಎಂದು ಧೈರ್ಯವಾಗಿ ತಿಳಿಯಬಹುದು. ಅರ್ಗಾನ್‌ನ ಲ್ಯಾಟಿನ್ ಹೆಸರಾದ ಅರ್ಗಾನಿಯಾ ಸ್ಪೈನೋಸಾ ಎಲ್ಲಿದೆ ಎಂದು ಹುಡುಕಿ ನೋಡಿ. ಎಷ್ಟೋ ಸಲ ಅದು ಸುಗಂಧಕ್ಕಿಂತ ಕೆಳಗೆ, ಬಣ್ಣದ ಪಕ್ಕದಲ್ಲಿ ಮುದುಡಿ ಕೂತಿರುತ್ತದೆ. ಯುರೋಪಿನ ಆಹಾರ ನಿಯಮದಲ್ಲಿ ಒಂದು ಪದಾರ್ಥವನ್ನು ಹೆಸರಿನಲ್ಲೋ ಚಿತ್ರದಲ್ಲೋ ಎತ್ತಿ ತೋರಿಸಿದರೆ ಅದು ಶೇಕಡಾ ಎಷ್ಟಿದೆ ಎಂದು ಬರೆಯಬೇಕು. ಶಾಂಪೂವಿಗೆ ಅದೇಕೆ ಬೇಡ?

ಅರ್ಗಾನ್ ಹೆಸರು ಬಂತೆಂದು ಹೇಳುತ್ತೇನೆ, ಕಲಬೆರಕೆಯ ಕಥೆಯೂ ಇಲ್ಲೇ ಇದೆ. ದುಬಾರಿ ಎಣ್ಣೆಗೆ ಸೂರ್ಯಕಾಂತಿಯಂಥ ಅಗ್ಗದ ಎಣ್ಣೆ ಬೆರೆಸುವುದು ಹಳೆಯ ಚಾಳಿ. ಅರ್ಗಾನ್‌ನಲ್ಲಿ ಕ್ಯಾಂಪೆಸ್ಟೆರಾಲ್ ಎಂಬ ಸ್ಟೆರಾಲ್ (ಸಸ್ಯತೈಲಗಳಲ್ಲಿ ಸಹಜವಾಗಿರುವ ಒಂದು ಬಗೆಯ ಪದಾರ್ಥ) ಇಲ್ಲವೆನ್ನುವಷ್ಟು ಕಡಿಮೆ, ಅಗ್ಗದ ಎಣ್ಣೆಗಳಲ್ಲಿ ಸಾಕಷ್ಟಿದೆ. ಯಂತ್ರದ ನಕ್ಷೆಯಲ್ಲಿ ಆ ಒಂದು ಗೆರೆ ಏರಿತೆಂದರೆ ಕಳ್ಳ ಸಿಕ್ಕಿಬಿದ್ದ. ಪರೀಕ್ಷೆ ಇದೆ, ಯಂತ್ರವಿದೆ, ಓದಬಲ್ಲವರೂ ಇದ್ದಾರೆ. ಬೇಕಾದದ್ದು ಅಂಗಡಿಯಿಂದ ಬಾಟಲಿ ಎತ್ತಿಕೊಂಡು ಬರುವ ಆದೇಶ.

ಬಿಸಿಲು, ಬೆಂಕಿ ಎರಡರ ಬಗ್ಗೆ ತುಸು. ರಾಸ್ಪ್‌ಬೆರಿ ಬೀಜದ ಎಣ್ಣೆ ಸನ್‌ಸ್ಕ್ರೀನಿಗೆ ಸಮ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಬರೀ ಸಸ್ಯತೈಲವನ್ನು ನಂಬಿ ಬಿಸಿಲಿಗೆ ಹೋಗುವುದು ಸುಡಿಸಿಕೊಳ್ಳುವ ದಾರಿ. ಪ್ರಯೋಗಾಲಯದಲ್ಲಿ ಅಳೆದಾಗ ಆಲಿವ್, ಕೊಬ್ಬರಿ ಎಣ್ಣೆಗಳ ರಕ್ಷಣಾಂಕ ಒಂದಂಕಿಯನ್ನೂ ದಾಟುವುದಿಲ್ಲ. ಬೆಂಕಿಯ ವಿಷಯ ಹೆಚ್ಚು ಜನರಿಗೆ ಹೊಳೆಯುವುದೇ ಇಲ್ಲ. ಮೈಗೆ ಹಚ್ಚಿದ ಎಣ್ಣೆ, ಕ್ರೀಮು ಹಾಸಿಗೆ ಬಟ್ಟೆಗೆ ಇಳಿದು ಒಣಗುತ್ತದೆ. ಆ ಬಟ್ಟೆಗೆ ಕಿಡಿ ತಾಗಿದರೆ ಸಾಧಾರಣ ಬಟ್ಟೆಗಿಂತ ಬೇಗ ಹೊತ್ತಿಕೊಳ್ಳುತ್ತದೆ, ತೊಳೆದರೂ ಅಂಶ ಪೂರ್ತಿ ಹೋಗದು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲಿ, ಪೆಟ್ರೋಲಿಯಂನಿಂದ ಬರುವ ಪ್ಯಾರಾಫಿನ್ ಇಲ್ಲದ ಚರ್ಮಲೇಪಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆಂದು ಹೇಳಿತು. ಪ್ಯಾರಾಫಿನ್ ಬಿಟ್ಟು ‘ಗಿಡದ್ದು’ ಹಚ್ಚಿಕೊಂಡರೆ ಈ ಅಪಾಯ ಹೋಯಿತೆಂದು ತಿಳಿದವರಿಗೆ ಅದು ಗೊತ್ತಾಗಬೇಕು. ಬಾಟಲಿಯ ಮೇಲೆ ಬೆಂಕಿಯ ಚಿಹ್ನೆ ಎಷ್ಟು ಜಾಗ ತಿನ್ನುತ್ತದೆ?

ನಾನು ಹೆದರಿಸಲು ಬರೆಯುತ್ತಿಲ್ಲ. ಹೆದರಿಸುವವರ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ಹರಳು ಬೀಜದಲ್ಲಿ ರೈಸಿನ್ ಎಂಬ ಘೋರ ವಿಷ ಇದೆ, ಆದ್ದರಿಂದ ಹರಳೆಣ್ಣೆ ವಿಷ ಎಂದು ಬರೆಯುವವರಿದ್ದಾರೆ. ರೈಸಿನ್ ಎಣ್ಣೆಯಲ್ಲಿ ಕರಗುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ರಿಫೈನ್ ಎಂದರೆ ರಾಸಾಯನಿಕ, ರಾಸಾಯನಿಕ ಎಂದರೆ ಕೆಟ್ಟದ್ದು ಎಂಬ ಪ್ರಚಾರವೂ ಅಷ್ಟೇ ಪೊಳ್ಳು. ಅಲರ್ಜಿಯ ಮಗುವಿಗೆ ರಿಫೈನ್ ಎಣ್ಣೆಯೇ ಮೇಲು ಎಂಬುದನ್ನು ಆಗಲೇ ಹೇಳಿದೆ. ಒಣ ಚರ್ಮದ ಮುದುಕರಿಗೆ, ಬಿರುಕು ಹಿಮ್ಮಡಿಗೆ, ಸಿಕ್ಕುಗಟ್ಟಿದ ಕೂದಲಿಗೆ ಸಸ್ಯತೈಲಗಳು ಮಾಡುವ ಉಪಕಾರ ನನಗೆ ಚೆನ್ನಾಗಿ ಗೊತ್ತು. ಎಣ್ಣೆಯ ಮೇಲೆ ನನಗೆ ದೂರಿಲ್ಲ. ಅದರ ಬಾಯಿ ಕಟ್ಟಿ ಮಾರುವುದರ ಮೇಲೆ ದೂರು.

ಹಾಗಾದರೆ ಏನು ಮಾಡಬೇಕು? ಲ್ಯಾಟಿನ್ ಹೆಸರು ಇರಲಿ, ಅದರ ಪಕ್ಕದಲ್ಲಿ ಕೊಳ್ಳುವವರ ಭಾಷೆಯ ಹೆಸರೂ ಇರಲಿ. ಅಲರ್ಜಿ ತರಬಲ್ಲ ಬೀಜಗಳದ್ದಾದರೆ ದಪ್ಪಕ್ಷರದಲ್ಲಿರಲಿ. ಹೆಸರಿನ ಮುಂದೆ ‘ರಿಫೈನ್ಡ್’ ಅಥವಾ ‘ಒತ್ತಿ ತೆಗೆದದ್ದು’ ಎಂಬ ಒಂದೇ ಪದ. ಎಣ್ಣೆಯೇ ಮುಖ್ಯವಾದ ಉತ್ಪನ್ನಕ್ಕೆ 30 ತಿಂಗಳ ವಿನಾಯಿತಿ ಬೇಡ, ಹಿಂಡಿದ ತಿಂಗಳು ಮತ್ತು ಬಳಕೆಯ ಕೊನೆಯ ತಿಂಗಳು ಎರಡೂ ಕಾಣಬೇಕು. ಮಾರಾಟದ ದಿನ ಎಣ್ಣೆ ಎಷ್ಟರ ಮಟ್ಟಿಗೆ ಕೆಟ್ಟಿರಬಹುದು ಎಂಬುದಕ್ಕೆ ಆಹಾರದಲ್ಲಿರುವಂತೆ ಒಂದು ಮಿತಿ. ಮುಂಬದಿಯಲ್ಲಿ ಮೆರೆಸಿದ ಎಣ್ಣೆಗೆ ಶೇಕಡಾವಾರು. ತೊಂದರೆಯಾದಾಗ ತಿಳಿಸಲು ಉತ್ತರ ಕೊಡುವ ಒಂದು ವಿಳಾಸ. ಅಮೆರಿಕದ 2022ರ ಸೌಂದರ್ಯವರ್ಧಕ ಕಾಯ್ದೆ ಇದನ್ನು ಕಡ್ಡಾಯ ಮಾಡಿದೆ. ಗಂಭೀರ ತೊಂದರೆಯ ವರದಿ ಬಂದರೆ ತಯಾರಕರು 15 ಕೆಲಸದ ದಿನಗಳೊಳಗೆ ಸರ್ಕಾರಕ್ಕೆ ತಿಳಿಸಬೇಕೆಂದೂ ಹೇಳಿದೆ. ಅಲ್ಲಿಯವರೆಗೆ 1938ರ ಕಾಯ್ದೆಯೇ ಕಾಲ ತಳ್ಳುತ್ತಿತ್ತು, ಆದ್ದರಿಂದ ತಡವಾಯಿತೆಂದು ಯಾರೂ ನಾಚಬೇಕಿಲ್ಲ.

ಸಣ್ಣ ತಯಾರಕರಿಗೆ ಇದು ಹೊರೆಯಾಗುತ್ತದೆಂಬ ಮಾತನ್ನು ಒಪ್ಪುತ್ತೇನೆ, ಅರ್ಧ. ಪರಾಕ್ಸೈಡ್ ಪರೀಕ್ಷೆಗೆ ಬೇಕಾದದ್ದು ಒಂದು ಬ್ಯೂರೆಟ್ಟು, ಒಂದಿಷ್ಟು ಅಯೊಡೈಡು, ಕೈ ನಡುಗದ ಒಬ್ಬ ಮನುಷ್ಯ. ಸ್ಟೆರಾಲ್ ಪರೀಕ್ಷೆ ಖರ್ಚಿನದು, ಅದನ್ನು ಅವರ ಹೆಗಲಿಗೆ ಹಾಕದೆ ನೀವು ನಿಮ್ಮ ಪ್ರಯೋಗಾಲಯದಲ್ಲಿ ಮಾಡಿ. ಹಿಂಡಿದ ತಾರೀಖು ಬರೆಯಲು ಖರ್ಚೇನೂ ಇಲ್ಲ, ತಾರೀಖು ಗೊತ್ತಿದ್ದರೆ. ಗೊತ್ತಿಲ್ಲದಿದ್ದರೆ ಅಂಥ ಎಣ್ಣೆಯನ್ನು ಕೊಳ್ಳಲೇ ಬಾರದಿತ್ತು.

ಜಾಗವಿಲ್ಲ ಎಂಬ ಇನ್ನೊಂದು ನೆಪ. ನನ್ನ ಮೇಜಿನ ಬಾಟಲಿಗಳಲ್ಲಿ ಒಂದರ ಮೇಲೆ ಮೂರು ಎಲೆ, ಒಂದು ಹೂವು, ಒಂದು ಹನಿಯ ಚಿತ್ರವಿದೆ. ‘ಶತಮಾನಗಳ ಜ್ಞಾನ’ ಎಂಬ ಸಾಲಿಗೂ ಜಾಗ ಸಿಕ್ಕಿದೆ. ಮಾಹಿತಿಯನ್ನೆಲ್ಲ ಕ್ಯೂಆರ್ ಕೋಡಿನಲ್ಲಿ ಇಡುತ್ತೇವೆ ಎನ್ನುವವರು, ಒಂದು ಕೈಯಲ್ಲಿ ಒದ್ದೆ ಮಗುವನ್ನು ಹಿಡಿದು ಇನ್ನೊಂದು ಕೈಯಲ್ಲಿ ಬಾಟಲಿ ಹಿಡಿದವರು ಫೋನನ್ನು ಯಾವ ಕೈಯಲ್ಲಿ ಹಿಡಿಯಬೇಕೆಂದೂ ಹೇಳಿಬಿಡಲಿ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆಯನ್ನು ನಮ್ಮವರು ಬೇರೆ ಸಂದರ್ಭಕ್ಕೆ ಹೇಳುತ್ತಾರೆ. ನಿಮ್ಮ ಕಡತಗಳ ಮುಂದೆ ಕೂತಾಗ ನನಗೆ ಅದೇ ನೆನಪಾಗುತ್ತದೆ. ಈ ಪತ್ರಕ್ಕೆ ನನ್ನ ಮನೆಯ ವಿಳಾಸಕ್ಕೆ ಸೌಜನ್ಯದ ಉತ್ತರ ಬರೆಯಬೇಡಿ. ನಿಮ್ಮಲ್ಲಿ ಯಾವ ಆಡಳಿತ ಮೊದಲು ‘ರಿಫೈನ್ಡ್’ ಎಂಬ ಆ ಒಂದು ಪದವನ್ನು ಕಡ್ಡಾಯ ಮಾಡುತ್ತದೋ ಅದರ ಆದೇಶವನ್ನು ಎಲ್ಲರೂ ಓದುವಂತೆ ಪ್ರಕಟಿಸಿ. ಅಲ್ಲಿಯವರೆಗೆ ಈ ಎರಡು ಬಾಟಲಿಗಳ ಮೇಲೆ ನಾನೇ ಪೆನ್ಸಿಲಿನಲ್ಲಿ ಬರೆದು ಚೀಟಿ ಅಂಟಿಸಿದ್ದೇನೆ. ಎರಡು ಸಾಲು ಹಿಡಿಯಿತು. ಮೂರು ಜಾಗ ಖಾಲಿ ಬಿಟ್ಟಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಎಣ್ಣೆ ಪರೀಕ್ಷೆಯಲ್ಲಿ ತಲೆ ನರೆತ ಒಬ್ಬ ಬಳಕೆದಾರ